ಮೂರನೇ ಪೆಟ್ಟಿಗೆಯ ಎಣಿಕೆ

ನೆಲ್ಯಹುದಿಕೇರಿ
2 ಜೂನ್ 2025

ಅನುಪಮಾ ಮೇಡಂ ಅವರಿಗೆ ನಮಸ್ಕಾರ.

ನಾನು ತುಳಸಿ. ತೋಟದ ಆಫೀಸಿನಲ್ಲಿ ರೈಟರ್ ಬೆಳ್ಳಿಯಪ್ಪನವರ ಕೈಕೆಳಗೆ ಹಾಜರಿ ಬರೆಯುವವಳು. ಮಾರ್ಚ್‌ನಲ್ಲಿ ನೀವು ಆನೆ ಕಂಡರೆ ಕೂಗುವ ಪೆಟ್ಟಿಗೆಗಳನ್ನು ಕಂಬಕ್ಕೆ ಹಾಕಿಸಲು ಬಂದಾಗ ಏಣಿ ಹಿಡಿದುಕೊಂಡಿದ್ದವಳು ನಾನೇ. ನಾಲ್ಕೂ ಪೆಟ್ಟಿಗೆಗಳ ಮೆಮೊರಿ ಕಾರ್ಡುಗಳನ್ನು ತೆಗೆದು ಇದರ ಜೊತೆ ಇಟ್ಟಿದ್ದೇನೆ. ನಮ್ಮ ತಗ್ಗಿನಲ್ಲಿ ಸಿಗ್ನಲ್ ಇಲ್ಲದ ಕಾರಣ ನೀವು ಹೇಳಿದಂತೆ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕೊಡುತ್ತೇನೆ. ಕುಶಾಲನಗರದಲ್ಲಿ ಅವನು ಕೊಡ್ಲಿಪೇಟೆ ಕಡೆಯ ಬಸ್ಸಿಗೆ ದಾಟಿಸುತ್ತಾನಂತೆ. ಕಾರ್ಡಿನ ಜೊತೆ ಇಲ್ಲಿ ಏನಾಯಿತೆಂದು ನಾಲ್ಕು ಸಾಲು ಬರೆದಿಡು ಅಂದಿದ್ದಿರಿ. ನನಗೆ ನಾಲ್ಕು ಸಾಲಿಗೆ ನಿಲ್ಲಿಸಲು ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಒಂದು, ಎರಡು, ನಾಲ್ಕನೇ ಪೆಟ್ಟಿಗೆಗಳ ಮೇಲೆ ದೂರಿಲ್ಲ. ದೂರಿರುವುದು ಮೂರನೆಯದರ ಮೇಲೆ. ಅದು ನೀರು ಹರಿಯುವ ತೋಡಿನ ಪಕ್ಕ, ಕಾಫಿ ಕಣಕ್ಕೆ ಹೋಗುವ ಕಾಲುದಾರಿಯಲ್ಲಿದೆ. ಮಳೆ ಹಿಡಿದ ಮೇಲೆ ಇಲ್ಲಿ ಎಲ್ಲರೂ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಬಗ್ಗಿ ನಡೆಯುತ್ತಾರೆ. ಪೆಟ್ಟಿಗೆ ಅವರನ್ನು ಕಂಡು ಆನೆ ಬಂತೆಂದು ಬೊಬ್ಬೆ ಹೊಡೆಯುತ್ತದೆ. ಮೊದಲ ದಿನ ಹೆಂಗಸರ ಗ್ಯಾಂಗಿಗೆ ಗ್ಯಾಂಗೇ ಕತ್ತಿ ಬುಟ್ಟಿ ಬಿಸಾಡಿ ಓಡಿತು. ಈಗ ಯಾರೂ ಓಡುವುದಿಲ್ಲ, ಬೈಯುತ್ತಾರೆ.

ಎಲ್ಲರಿಗಿಂತ ಹೆಚ್ಚು ಬೈಯುವವಳು ನಮ್ಮವ್ವ ಗಂಗಮ್ಮ. ಅವಳು ಗ್ಯಾಂಗಿಗಿಂತ ಮುಂಚೆ ಒಬ್ಬಳೇ ಹೋಗಿ ಕಣದ ಶೆಡ್ಡಿನಲ್ಲಿ ಒಲೆ ಹಚ್ಚಿ ಎಲ್ಲರಿಗೂ ಕರಿ ಕಾಫಿ ಕಾಯಿಸಿಡುತ್ತಾಳೆ. ಹಾಗಾಗಿ ಬೆಳಗಿನ ಮೊದಲ ಕೂಗು ಅವಳಿಗೇ. ಅವಳು ಪೆಟ್ಟಿಗೆ ಕಡೆ ಕೈ ಬೀಸಿ, "ಸುಮ್ಕಿರು ಮಾರಾಯ, ನಾನೇ ಬತ್ತಿರದು" ಅಂದು ಮುಂದೆ ಹೋಗುತ್ತಾಳಂತೆ. "ಅದ ಮಾಡ್ದೋಳಿಗೆ ಯೋಳು, ನಾನು ಅಷ್ಟೊಂದು ದಪ್ಪ ಇಲ್ಲ ಅಂತ" ಎಂದು ನಿಮಗೆ ಹೇಳಲು ಹೇಳಿದ್ದಾಳೆ. ಹೇಳಿದ್ದೇನೆ.

ಆನೆ ಕಾವಲಿನ ನಿಂಗ ಅಂದರೆ ನಮ್ಮಪ್ಪ. ಮೂರನೇ ಪೆಟ್ಟಿಗೆ ಅವನ ಸುಪರ್ದಿಯಲ್ಲಿದೆ. ದಿನಾ ಟವೆಲಿನಿಂದ ಒರೆಸುತ್ತಾನೆ. ನಮ್ಮನ್ನು ಚಿಕ್ಕವರಿದ್ದಾಗ ಹೀಗೆ ಒರೆಸಿದ್ದು ನೆನಪಿಲ್ಲ ಅಂತ ಅವ್ವ ಕಿಚಾಯಿಸುತ್ತಾಳೆ. ಗ್ಯಾಂಗು ಹಾದುಹೋಗುವಷ್ಟು ಹೊತ್ತು ಅದರ ಬಾಯಿ ಮುಚ್ಚಿಸಲು ಏನಾದರೂ ಉಪಾಯ ಉಂಟೇ ಎಂದು ರೈಟರು ಕೇಳಿದ್ದಾರೆ.

ಇಂತಿ,
ತುಳಸಿ


ಕೊಡ್ಲಿಪೇಟೆ
10 ಜೂನ್ 2025

ಪ್ರೀತಿಯ ತುಳಸಿ,

ಮೇಡಂ ಅನ್ನಬೇಡ ಮಾರಾಯ್ತಿ, ನನಗೆ ಯಾರೋ ಹಿಂದೆ ಬಂದು ನಿಂತ ಹಾಗಾಗುತ್ತದೆ. ಅಕ್ಕ ಅನ್ನು. ನಿನ್ನ ಪತ್ರವನ್ನು ಕೀರ್ತಿಕುಮಾರನಿಗೂ ಓದಿ ಹೇಳಿದೆ. ಅವನು ಈ ಪೆಟ್ಟಿಗೆ ಕೆಲಸದಲ್ಲಿ ನನ್ನ ಪಾಲುದಾರ. ತೋಟ ತೋಟ ಸುತ್ತಿ ಒಪ್ಪಿಸುವವನು ಅವನು, ಒಳಗಿನದನ್ನು ಬರೆಯುವವಳು ನಾನು. ಇಬ್ಬರೂ ನಕ್ಕು ನಕ್ಕು ಸಾಕಾಯಿತು. ಅವ್ವನ ಕ್ಷಮೆ ಕೇಳಿದೆನೆಂದು ಹೇಳು. ಕೊಪ್ಪೆ ಹೊದ್ದವರ ಚಿತ್ರಗಳು ಕಾರ್ಡಿನಲ್ಲಿ ಇದ್ದೇ ಇರುತ್ತವೆ. ಬಿಡುವಾದಾಗ ಅವನ್ನೆಲ್ಲ ತೋರಿಸಿ ಆನೆ ಯಾವುದು, ಗಂಗಮ್ಮ ಯಾರು ಎಂದು ಪೆಟ್ಟಿಗೆಗೆ ಕಲಿಸುತ್ತೇನೆ.

ಅಲ್ಲಿಯವರೆಗೆ ಒಂದು ಸ್ವಿಚ್ಚು ಕಳಿಸಿದ್ದೇನೆ. ಕಂಬದ ಬುಡದಲ್ಲಿ ಹಾಕಿಸು. ಕೆಳಗೆ ಒತ್ತಿದರೆ ಪೆಟ್ಟಿಗೆ ಮಲಗುತ್ತದೆ, ಮೇಲೆತ್ತಿದರೆ ಏಳುತ್ತದೆ. ಗ್ಯಾಂಗು ದಾಟುವವರೆಗೆ ಮಾತ್ರ ಮಲಗಿಸಬೇಕು, ಮತ್ತೆ ಎಬ್ಬಿಸಲು ಮರೆಯಬಾರದು. ಇದನ್ನು ಅಪ್ಪನಿಗೆ ಹತ್ತು ಸಲ ಹೇಳು.

ಮರೆತರೆ ನನಗೆ ಗೊತ್ತಾಗಿಯೇ ಆಗುತ್ತದೆ. ಹೇಗೆ ಅಂತ ಹೇಳುತ್ತೇನೆ ಕೇಳು. ಪೆಟ್ಟಿಗೆಯೊಳಗೆ ಇರುವುದು ಒಂದೇ ಕಂಪ್ಯೂಟರ್. ಸಾಫ್ಟ್‌ವೇರಿನ ಗೋಡೆ ಹಾಕಿ ಅದನ್ನು ಎರಡು ಮಾಡಿದ್ದೇನೆ. ನಿಮ್ಮ ಲೈನ್ ಮನೆ ಹಾಗೆಯೇ, ಮಾಡು ಒಂದೇ, ನಡುವೆ ಗೋಡೆ. ಇಂಥ ಕೋಣೆಗೆ ವರ್ಚುವಲ್ ಮೆಷಿನ್ ಅಂತಾರೆ. ಒಂದು ಕೋಣೆಯಲ್ಲಿರುವವನು ಕ್ಯಾಮೆರಾ ನೋಡಿ ಕೂಗುತ್ತಾನೆ. ಇನ್ನೊಂದರಲ್ಲಿರುವವನು ವರದಿ ಬರೆಯುತ್ತಾನೆ. ಕ್ಯಾಮೆರಾದವನು ಎಷ್ಟು ದುಡಿದ ಎಂದು ತಿಳಿಯಲು ಪ್ರೊಸೆಸರಿನ ಒಳಗೇ ಒಂದು ಕೌಂಟರ್ ಇರುತ್ತದೆ. ನಾನು ಬರೆದದ್ದಲ್ಲ ಅದು, ಯಂತ್ರದ ಮೈಯಲ್ಲೇ ಹುಟ್ಟಿದ್ದು. ಕೆಲಸ ನಡೆದಷ್ಟು ಅದು ಏರುತ್ತದೆ. ಸೊನ್ನೆ ಇದ್ದರೆ ಪೆಟ್ಟಿಗೆ ಮಲಗಿದೆ ಎಂದೇ ಅರ್ಥ. ಮನುಷ್ಯರು ಮರೆಯುತ್ತಾರೆ, ಮುಚ್ಚಿಡುತ್ತಾರೆ. ಇದಕ್ಕೆ ಎರಡೂ ಬರುವುದಿಲ್ಲ. ಹೋದ ಚಳಿಗಾಲ ಪೂರ್ತಿ ನನ್ನ ಮೇಜಿನ ಮೇಲೆ, ಮನೆಯ ಕರೆಂಟಿನ ಪ್ಲಗ್ಗಿಗೆ ಸಿಕ್ಕಿಸಿ ಓಡಿಸಿ ನೋಡಿದ್ದೇನೆ. ಒಂದು ಸಲವೂ ತಪ್ಪಲಿಲ್ಲ.

ನಿನ್ನ
ಅನುಪಮಕ್ಕ


ಕೊಡ್ಲಿಪೇಟೆ
1 ಜುಲೈ 2025

ತುಳಸಿ,

ಕಾರ್ಡುಗಳು ಬಂದವು. ಈ ಸಲ ಜಗಳ ಕಾಯುವುದಿದೆ. ಮೂರನೇ ಪೆಟ್ಟಿಗೆಯ ಎಣಿಕೆಯಲ್ಲಿ ಬೆಳಗಾದರೆ ಸಾಕು, ಬರೀ ಸೊನ್ನೆ. ಬಿಸಿಲು ಬಂದ ಮೇಲೆ ಎಣಿಕೆ ಏರುತ್ತದೆ, ಮರುದಿನ ಬೆಳಗ್ಗೆ ಮತ್ತೆ ಸೊನ್ನೆ. ಗ್ಯಾಂಗು ದಾಟಲು ಎಷ್ಟು ಹೊತ್ತು ಬೇಕೇ? ನಿನ್ನ ಅಪ್ಪ ಸ್ವಿಚ್ಚು ಒತ್ತಿ ಎಲ್ಲೋ ಬೀಡಿ ಸೇದಲು ಹೋಗುತ್ತಾರೆ, ನೆನಪಾದಾಗ ಬಂದು ಎತ್ತುತ್ತಾರೆ ಎಂದು ಕಾಣುತ್ತದೆ. ಹಲಸು ಹಣ್ಣಾಗುವ ಕಾಲ, ಆನೆಗಳು ವಾಸನೆ ಹಿಡಿದು ಬರುವ ಕಾಲ. ನಾನು ಹೇಳಿದರೆ ಬೇಜಾರಾದೀತು, ಮಗಳು ಹೇಳಿದರೆ ಕೇಳುತ್ತಾರೆ. ಸ್ವಲ್ಪ ಗದರಿಸು.

ಕೊಪ್ಪೆಯ ಚಿತ್ರಗಳನ್ನು ಇನ್ನೂ ನೋಡಿಲ್ಲ. ಕೀರ್ತಿಕುಮಾರ್ ಹುದಿಕೇರಿ ಕಡೆ, ನಿಮ್ಮ ನೆಲ್ಯಹುದಿಕೇರಿಯಲ್ಲ, ಹೊಸ ತೋಟಗಳನ್ನು ಒಪ್ಪಿಸಿದ್ದಾನೆ, ಆ ಪೆಟ್ಟಿಗೆಗಳನ್ನು ಕಟ್ಟುವುದರಲ್ಲಿ ತಲೆ ಎತ್ತಲು ಆಗುತ್ತಿಲ್ಲ. ಎಣಿಕೆ ನೋಡಲು ಮಾತ್ರ ನಿಮಿಷ ಸಾಕು, ಅದನ್ನೊಂದು ನೋಡಿಬಿಡುತ್ತೇನೆ.

ಅನುಪಮಕ್ಕ


ನೆಲ್ಯಹುದಿಕೇರಿ
6 ಜುಲೈ 2025

ಅಕ್ಕ,

ಗದರಿಸಿದೆ. ಅಪ್ಪನ ಮುಖ ಸಣ್ಣದಾಯಿತು. "ಒಂದಪ ಮರ್ತಿದ್ದೆ ಕಣವ್ವ, ಹಲಸಿನ ಕಾಯಿ ಕೆಡವಕ್ಕೆ ಹೋಗಿದ್ದೆ. ಅದು ಬುಟ್ರೆ ಇಲ್ಲ, ನಿಮ್ಮವ್ವನಾಣೆ" ಅಂದ. ಒಂದು ಸಲ ಮರೆತವನು ಎರಡನೇ ಸಲ ಮರೆಯುವುದಿಲ್ಲ ಅಂತ ಏನು ಗ್ಯಾರಂಟಿ ಎಂದೆ. ಅವ್ವ ಒಳಗಿನಿಂದ, "ನನ್ನಾಣೆ ಯಾಕಾಕ್ತೀಯ, ನಿನ್ ಪೆಟ್ಟಿಗೆ ಆಣೆ ಆಕು" ಅಂದಳು. ಮೂವರೂ ನಕ್ಕೆವು. ಆದರೂ ಅಪ್ಪ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಈಗ ಹೊಸ ನಿಯಮ ಮಾಡಿಕೊಂಡಿದ್ದಾನೆ. ಸ್ವಿಚ್ಚು ಎತ್ತಿದ ಮೇಲೆ ಟವೆಲನ್ನು ಕಂಬಕ್ಕೆ ಕಟ್ಟುತ್ತಾನೆ, ದೂರದಿಂದ ನೋಡಿದರೂ ಗೊತ್ತಾಗಲಿ ಅಂತ. ಮಳೆಯಲ್ಲಿ ಟವೆಲು ಒಣಗುವುದೇ ಇಲ್ಲ. ಅವ್ವನಿಗೆ ಒಗೆಯುವ ಕೆಲಸ ಹೆಚ್ಚಾಯಿತು. ಬಿಸಿಲಿನ ಮುಖ ನೋಡಿ ಎಷ್ಟೋ ದಿನವಾಯಿತು ಅಕ್ಕ. ಪೆಟ್ಟಿಗೆಯ ಬ್ಯಾಟರಿ ತುಂಬಿಸುವ ಸೋಲಾರ್ ಹಲಗೆಯ ಮೇಲೂ ಪಾಚಿ ಕಟ್ಟುತ್ತಿದೆ. ಒರೆಸಬಹುದೇ?

ತುಳಸಿ


ನೆಲ್ಯಹುದಿಕೇರಿ
24 ಜುಲೈ 2025

ಅಕ್ಕ,

ಅವ್ವ ಹೋದಳು. ಮೊನ್ನೆ ಬೆಳಿಗ್ಗೆ ಮೂರನೇ ಪೆಟ್ಟಿಗೆಯ ಹತ್ತಿರ ಒಂಟಿ ಆನೆ. ಕಾಫಿ ಕಾಯಿಸಲು ಹೋಗಿದ್ದಳು. ನಿನ್ನೆ ಮಣ್ಣು ಮಾಡಿದೆವು.

ಆನೆ ಕಂಬವನ್ನೂ ಎಳೆದು ಹಾಕಿ ಪೆಟ್ಟಿಗೆ ತುಳಿದಿದೆ. ಸ್ವಿಚ್ಚು ಯಾವ ಕಡೆ ಇತ್ತೆಂದು ಹೇಳಲು ಸ್ವಿಚ್ಚೇ ಇಲ್ಲ. ಟವೆಲು ತೋಡಿನಲ್ಲಿ ಸಿಕ್ಕಿತು. ಕಾರ್ಡು ಮಾತ್ರ ಬುಡದ ಡಬ್ಬಿಯಲ್ಲಿ ಉಳಿದಿದೆ, ಕಳಿಸುತ್ತಿದ್ದೇನೆ. ಆ ಮಳೆಯಲ್ಲಿ, ಆ ತೋಡಿನ ಸದ್ದಿನಲ್ಲಿ ಲೈನಿನವರೆಗೆ ಏನೂ ಕೇಳುವುದಿಲ್ಲ. ಅಲ್ಲಿ ಇದ್ದವನು ಅಪ್ಪ ಒಬ್ಬನೇ, ತೋಡಿನ ಆಚೆ ದಡದಲ್ಲಿ. ಪೆಟ್ಟಿಗೆ ಕೂಗಿತು ಅಂತಾನೆ. ಲೈನಿನಲ್ಲಿ ಯಾರೂ ನಂಬುತ್ತಿಲ್ಲ. ಮಲಗಿಸಿ ಮರೆತ, ಹೆಂಡತಿಯನ್ನು ತಿಂದ ಅಂತ ಬಾಯಿಗೆ ಬಂದಂತೆ ಆಡುತ್ತಿದ್ದಾರೆ.

ನೀವು ನೋಡಿ ಹೇಳಿ. ಅದು ಎಚ್ಚರವಾಗಿತ್ತೋ ಇಲ್ಲವೋ. ಏನಿದ್ದರೂ ಇದ್ದ ಹಾಗೆ ಬರೆಯಿರಿ. ನಾನು ಅಪ್ಪನ ಜೊತೆ ಒಂದೇ ಮನೆಯಲ್ಲಿ ಇರಬೇಕಾದವಳು.

ತುಳಸಿ


ಕೊಡ್ಲಿಪೇಟೆ
27 ಜುಲೈ 2025

ತುಳಸಿ,

ಏನು ಬರೆಯಲಿ ಮರಿ. ನಾನು ಕಂಡೇ ಇರದ ಗಂಗಮ್ಮನ ದನಿ ಕಿವಿಯಲ್ಲಿ ಇದೆ.

ಇದ್ದ ಹಾಗೆ ಬರೆ ಅಂದಿದ್ದೀಯ. ಕೂಗಿದ್ದು, ಚಿತ್ರ ತೆಗೆದದ್ದು, ಇವೆಲ್ಲ ಗಂಟೆಗೊಂದು ಸಲ ಕಾರ್ಡಿಗೆ ಇಳಿಯುತ್ತವೆ. ಗಂಟೆ ತುಂಬುವ ಮೊದಲೇ ಆನೆ ಕಂಬ ಎಳೆದಿದೆ, ಹಾಗಾಗಿ ಆ ಬೆಳಗಿನದು ಏನೂ ಉಳಿದಿಲ್ಲ. ಎಣಿಕೆ ಮಾತ್ರ ಆಗಾಗ ಇಳಿಯುತ್ತದೆ, ಅದು ಉಳಿದಿದೆ. ಹಿಂದಿನ ದಿನ ಸಂಜೆಯಿಂದ ಕಂಬ ಬೀಳುವವರೆಗೆ ಸೊನ್ನೆ. ಮೂರು ಸಲ ನೋಡಿದೆ, ಕೀರ್ತಿಕುಮಾರನ ಕೈಯಲ್ಲೂ ನೋಡಿಸಿದೆ. ಆ ಹೊತ್ತಿನಲ್ಲಿ ಪೆಟ್ಟಿಗೆ ಯಾವ ಕೆಲಸವನ್ನೂ ಮಾಡಿಲ್ಲ ತುಳಸಿ. ಮಲಗಿತ್ತು. ಕೂಗಿರಲು ಸಾಧ್ಯವಿಲ್ಲ.

ಅಪ್ಪ ಬೇಕೆಂದು ಮಾಡಿದ್ದಲ್ಲ, ಹಿಂದಿನ ದಿನ ಸಂಜೆ ಗ್ಯಾಂಗು ವಾಪಸು ಬರುವಾಗ ಮಲಗಿಸಿ ಎಬ್ಬಿಸಲು ಮರೆತಿರಬೇಕು. ಕೂಗಿತು ಅನ್ನುವುದು ಅವರಿಗೆ ಅವರೇ ಹೇಳಿಕೊಳ್ಳುವ ಸಮಾಧಾನ. ಅಂಥ ಹೊತ್ತಿನಲ್ಲಿ ಮನುಷ್ಯ ಇನ್ನೇನು ಹೇಳಿಯಾನು. ನಿಮ್ಮ ರೈಟರೂ ತೋಟದ ಮ್ಯಾನೇಜರೂ ಕೇಳಿದ್ದಕ್ಕೆ ಇದನ್ನೇ ಬರೆದು ಕೊಟ್ಟಿದ್ದೇನೆ. ನಿನಗೆ ಸುಳ್ಳು ಹೇಳಿ ಸಮಾಧಾನ ಮಾಡಲು ನನ್ನಿಂದಾಗದು.

ಅನುಪಮಕ್ಕ


ನೆಲ್ಯಹುದಿಕೇರಿ
6 ಆಗಸ್ಟ್ 2025

ಅಕ್ಕ,

ನಿಜ ಹೇಳಿದ್ದಕ್ಕೆ ಉಪಕಾರವಾಯಿತು. ಇಲ್ಲಿ ಎಲ್ಲರೂ ನನ್ನ ಮುಖ ನೋಡಿ ಮಾತು ನುಂಗುತ್ತಿದ್ದರು. ನೀವೊಬ್ಬರು ನೆಟ್ಟಗೆ ಹೇಳಿದಿರಿ.

ಅಪ್ಪನನ್ನು ಕಾವಲಿನಿಂದ ತೆಗೆದರು. ರೈಟರು ಬೆಳ್ಳಿಯಪ್ಪನವರು ಕರೆದು, "ಎಂತ ಮಾಡೋದು ನಿಂಗ, ಮಿಷನು ಹೇಳಿದ ಮೇಲೆ ನಾನು ಎಂತ ಹೇಳ್ಲಿ" ಅಂದರು. ಹನ್ನೊಂದರ ದಿನ ಅವ್ವನಿಗೆ ಎಡೆ ಇಡುವಾಗ ಅವನನ್ನು ಕೂರಿಸಲಿಲ್ಲ. ಅವ್ವನ ತವರಿನವರು ಬೇಡ ಅಂದರು, ನಾನೂ ಬೇಡ ಅಂದೆ. ಮೋರಿಯ ಹತ್ತಿರ ನೆನೆಯುತ್ತ ನಿಂತಿದ್ದ. ಯಾರೂ ಎಲೆ ಹಾಕಲಿಲ್ಲ.

ಅಷ್ಟಾದರೂ ತಪ್ಪಾಯಿತು ಅಂದಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ ಅಕ್ಕ. ಅಪ್ಪ ಅಲ್ಲವೇ, ಮರೆತ, ಹೋಗಲಿ ಅನ್ನುತ್ತಿದ್ದೆನೋ ಏನೋ. ಅವನು ಮಾತ್ರ ಕಥೆ ಕಟ್ಟುತ್ತಾನೆ. ಅವ್ವನದೇ ಮಾತು ತಂದು ಒಂದು ಸುಳ್ಳು ಹೆಣೆದಿದ್ದಾನೆ. ಅದನ್ನು ಇಲ್ಲಿ ಬರೆಯಲು ನನಗೆ ಹೇಸಿಗೆ. ಸತ್ತವಳ ನಗುವನ್ನಾದರೂ ಬಿಡಬಾರದೇ? ಅವತ್ತೇ ಅವನ ಚಾಪೆ ಕಂಬಳಿ ಹೊರಗಿಟ್ಟು ಬಾಗಿಲು ಹಾಕಿಕೊಂಡೆ. ಈಗ ಹಳೇ ಪಂಪ್ ಶೆಡ್ಡಿನಲ್ಲಿ ಇದ್ದಾನೆ.

ದಿನಾ ಬೆಳಿಗ್ಗೆ ಕಂಬ ಇದ್ದ ಜಾಗಕ್ಕೆ ಹೋಗಿ ಎಣ್ಣೆ ತಗಡಿನ ಡಬ್ಬ ಬಡಿಯುತ್ತ ನಿಲ್ಲುತ್ತಾನೆ, ಗ್ಯಾಂಗು ದಾಟುವವರೆಗೆ. ಕೆಲಸದಿಂದ ತೆಗೆದವನಿಗೆ ಯಾರು ಹೇಳಿದರು? ತಪ್ಪು ಮಾಡಿದವನು ಹೀಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾನೆ, ಬಾಯಲ್ಲಿ ಒಪ್ಪಿಕೊಳ್ಳಲು ಮಾತ್ರ ಜಂಬ. ನನ್ನನ್ನು ಕಂಡರೆ ಡಬ್ಬ ಬಡಿಯುವುದನ್ನು ನಿಲ್ಲಿಸುತ್ತಾನೆ. ನಾನು ನೋಡದವಳಂತೆ ದಾಟಿ ಹೋಗುತ್ತೇನೆ.

ಹೊಸ ಪೆಟ್ಟಿಗೆ ಯಾವಾಗ ಕಳಿಸುತ್ತೀರಿ?

ತುಳಸಿ


ಕೊಡ್ಲಿಪೇಟೆ
19 ಆಗಸ್ಟ್ 2025

ಪ್ರೀತಿಯ ತುಳಸಿ,

ತಡವಾಗಿ ಬರೆಯುತ್ತಿದ್ದೇನೆ. ಹೊಸ ಪೆಟ್ಟಿಗೆ ಇನ್ನೂ ಸಿದ್ಧವಾಗಿಲ್ಲ. ಒಂದು ವಿಷಯ ಸರಿ ಮಾಡುವುದಿದೆ, ಅದಾಗದೆ ಕಳಿಸಲಾರೆ.

ಅಪ್ಪ ಹೇಗಿದ್ದಾರೆ? ಪಂಪ್ ಶೆಡ್ಡು ಸೋರುತ್ತದೆಯೇ? ಅವರ ಮೇಲೆ ಅಷ್ಟು ಕಠಿಣ ಬೇಡ ಅನಿಸುತ್ತದೆ. ಮನೆಯೊಳಗೆ ಕರೆದುಕೊಳ್ಳಬಾರದೇ? ಅವರು ಹೇಳುವುದನ್ನು ಒಂದು ಸಲ ಪೂರ್ತಿ ಕೇಳಬಹುದಿತ್ತೇನೋ. ಏನು ಹೇಳಿದರೆಂದು ನನಗೂ ಬರೆ. ನನಗೆ ಗೊತ್ತಿರಲಿ ಅಂತ ಕೇಳಿದೆ, ಅಷ್ಟೇ.

ಇನ್ನೊಂದು, ಜೂನ್ ಜುಲೈಯಲ್ಲಿ ಸೋಲಾರ್ ಹಲಗೆಗೆ ಬಿಸಿಲು ಬೀಳುತ್ತಿದ್ದುದು ಸುಮಾರು ಯಾವ ಹೊತ್ತಿನಲ್ಲಿ? ನೆನಪಿದ್ದರೆ ತಿಳಿಸು.

ಅನುಪಮಕ್ಕ


ನೆಲ್ಯಹುದಿಕೇರಿ
5 ಸೆಪ್ಟೆಂಬರ್ 2025

ಅನುಪಮಾ ಮೇಡಂ,

ಬಿಸಿಲು ಬಿದ್ದರೆ ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತು ಎಂದೂ ಇಲ್ಲ. ಒಂದು, ಎರಡು, ನಾಲ್ಕನೇ ಪೆಟ್ಟಿಗೆಗಳ ಕಾರ್ಡು ಇದರ ಜೊತೆ ಇದೆ.

ಅಪ್ಪನ ವಿಷಯ ಇನ್ನು ಕೇಳಬೇಡಿ.

ಮೂರನೇ ಪೆಟ್ಟಿಗೆ ಬೇಗ ಕಳಿಸಿ. ತೋಡಿನ ದಾರಿಯಲ್ಲಿ ಈಗ ಡಬ್ಬ ಬಡಿಯುವವರೂ ಇಲ್ಲ. ಗ್ಯಾಂಗಿನವರು ಆ ಕಡೆ ಹೋಗಲು ಒಪ್ಪುತ್ತಿಲ್ಲ.

ತುಳಸಿ


ಕೊಡ್ಲಿಪೇಟೆ
17 ಸೆಪ್ಟೆಂಬರ್ 2025

ತುಳಸಿ,

ಅಪ್ಪನ ಮೇಲೆ ನಿನ್ನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಪತ್ರದಿಂದ ಗೊತ್ತಾಯಿತು. ಡಬ್ಬ ಬಡಿಯುವುದನ್ನೂ ಬಿಡಿಸಿದ್ದೀಯ. ಆ ಸಿಟ್ಟು ನನ್ನ ಮೇಲೆ ಬೀಳಬೇಕಾದದ್ದು. ಇದನ್ನು ಕೂತು ಓದು.

ಆಗಸ್ಟ್ ಹನ್ನೆರಡಕ್ಕೆ, ಅವ್ವನಿಗೆ ಕೊಟ್ಟ ಮಾತು ಈಗಲಾದರೂ ನಡೆಸೋಣ ಎಂದು ಕೊಪ್ಪೆಯ ಚಿತ್ರಗಳನ್ನು ತೆರೆದೆ. ಜೂನ್ ತಿಂಗಳ ಕಾರ್ಡು. ಒಂದು ಚಿತ್ರದಲ್ಲಿ ನಿನ್ನ ಅವ್ವ ಇದ್ದಾಳೆ. ನೀಲಿ ಪ್ಲಾಸ್ಟಿಕ್ಕು, ಕೈಯಲ್ಲಿ ಕಾಫಿ ಪುಡಿಯ ಡಬ್ಬಿ, ನೇರ ಕ್ಯಾಮೆರಾ ನೋಡಿ ಕೈ ಬೀಸುತ್ತಿದ್ದಾಳೆ. ನಗು ಬಂತು, ಅಳುವೂ ಬಂತು. ಆಮೇಲೆ ಚಿತ್ರದ ಹೊತ್ತು ನೋಡಿದೆ. ಎಣಿಕೆಯನ್ನು ತೆಗೆದು ಪಕ್ಕಕ್ಕಿಟ್ಟು ನೋಡಿದೆ. ಅದೇ ಬೆಳಿಗ್ಗೆ, ಅದೇ ಹೊತ್ತಿನಲ್ಲಿ ಎಣಿಕೆ ಸೊನ್ನೆ. ಮಲಗಿದ್ದ ಪೆಟ್ಟಿಗೆ ಚಿತ್ರ ಹೇಗೆ ತೆಗೆಯಿತು? ಬೇರೆ ದಿನಗಳನ್ನು ನೋಡಿದೆ. ಹಾಗೆಯೇ. ಬೆಳಗಿನ ಸೊನ್ನೆಗಳ ನಡುವೆಯೇ ಪೆಟ್ಟಿಗೆ ನೋಡಿದೆ, ಕೂಗಿದೆ, ಬರೆದಿಟ್ಟಿದೆ. ಎರಡೂ ಒಂದೇ ಕಾರ್ಡಿನಲ್ಲಿ ಇದ್ದವು. ನಾನು ಒಂದನ್ನೇ ನೋಡಿದ್ದೆ.

ಏನಾಗಿತ್ತೆಂದರೆ, ಈ ಪೆಟ್ಟಿಗೆಯ ಕಂಪ್ಯೂಟರ್ ಚಿಪ್‌ನಲ್ಲಿ ಎರಡು ಜಾತಿಯ ಪ್ರೊಸೆಸರುಗಳಿವೆ. ದೊಡ್ಡವು ಚುರುಕು, ಬ್ಯಾಟರಿ ತಿನ್ನುತ್ತವೆ. ಚಿಕ್ಕವು ನಿಧಾನ, ಸ್ವಲ್ಪದರಲ್ಲೇ ಬದುಕುತ್ತವೆ. ಬಿಸಿಲಿಲ್ಲದೆ ಬ್ಯಾಟರಿ ಇಳಿದಾಗ ಯಂತ್ರ ತಾನಾಗಿಯೇ ಕ್ಯಾಮೆರಾದ ಕೋಣೆಯನ್ನು ಚಿಕ್ಕವುಗಳ ಮೇಲೆ ಕೂರಿಸುತ್ತದೆ. ಒಳಗಿರುವ ವರ್ಚುವಲ್ ಮೆಷಿನ್ನಿಗೆ ತನ್ನನ್ನು ಎತ್ತಿ ಬೇರೆ ಕಡೆ ಇಟ್ಟದ್ದು ಗೊತ್ತೇ ಆಗುವುದಿಲ್ಲ. ಎರಡು ಜಾತಿಗೂ ಬೇರೆ ಬೇರೆ ಕೌಂಟರು. ಆ ಕೋಣೆಯ ಕೆಲಸ ಎಣಿಸಲು ನಾನು ಇಟ್ಟದ್ದು ದೊಡ್ಡದರ ಕೌಂಟರ್ ಒಂದನ್ನೇ. ಗಂಡಸರ ಗ್ಯಾಂಗಿನ ಪಕ್ಕ ಮೇಸ್ತ್ರಿ ನಿಂತಿದ್ದಾನೆ, ಅವತ್ತು ಕೆಲಸಕ್ಕೆ ಹೋದದ್ದು ಹೆಂಗಸರ ಗ್ಯಾಂಗು, ಮೇಸ್ತ್ರಿ ಬಂದು ಇವತ್ತು ಯಾರೂ ಏನೂ ಮಾಡಿಲ್ಲ ಅಂತಾನೆ. ಹಾಗಾಗಿತ್ತು. ಕೌಂಟರು ಕೆಟ್ಟಿರಲಿಲ್ಲ. ತಪ್ಪೆಂದು ಯಾವ ಸೂಚನೆಯನ್ನೂ ಕೊಡಲಿಲ್ಲ. ಸುಮ್ಮನೆ ಸೊನ್ನೆ ತೋರಿಸಿತು, ಸ್ವಿಚ್ಚು ಒತ್ತಿದಾಗ ತೋರಿಸುವ ಸೊನ್ನೆಯನ್ನೇ. ನನ್ನ ಮೇಜಿನ ಮೇಲೆ ಬ್ಯಾಟರಿ ಎಂದೂ ಇಳಿದಿರಲಿಲ್ಲ. ಹಾಗಾಗಿ ನಾನು ಇದನ್ನು ಎಂದೂ ಕಂಡಿರಲಿಲ್ಲ. ಬಿಸಿಲು ಬಂದ ಮೇಲೆ ಎಣಿಕೆ ಏರುತ್ತದೆ ಎಂದು ನಾನೇ ನಿನಗೆ ಬರೆದಿದ್ದೆ ನೋಡು. ಬರೆದೂ ನನಗೆ ಹೊಳೆಯಲಿಲ್ಲ. ನಿನ್ನ ಅಪ್ಪನ ಬೀಡಿ ಹೊಳೆಯಿತು.

ಜುಲೈ ಇಪ್ಪತ್ತೆರಡರ ಬೆಳಿಗ್ಗೆ ಪೆಟ್ಟಿಗೆ ಕೂಗಿತೆಂದು ನಾನು ಸಾಬೀತು ಮಾಡಲಾರೆ, ಆ ದಾಖಲೆ ಹೋಯಿತು. ಆದರೆ ಮಲಗಿತ್ತು ಅನ್ನಲು ನನ್ನ ಹತ್ತಿರ ಏನೂ ಇಲ್ಲ, ಇರಲೂ ಇಲ್ಲ. ಹಿಂದಿನ ದಿನಗಳನ್ನೆಲ್ಲ ನೋಡಿದರೆ ಅದು ಎಚ್ಚರವಾಗಿಯೇ ಇತ್ತು. ಅಪ್ಪ ಹೇಳಿದ್ದು ನಿಜ ಎಂದು ನಾನು ನಂಬುತ್ತೇನೆ.

ಆಗಸ್ಟ್ ಹನ್ನೆರಡಕ್ಕೇ ಗೊತ್ತಾದದ್ದನ್ನು ಹತ್ತೊಂಬತ್ತರ ಪತ್ರದಲ್ಲಿ ಯಾಕೆ ಬರೆಯಲಿಲ್ಲ ಎಂದು ನೀನು ಕೇಳುತ್ತೀಯ. ಕೀರ್ತಿಕುಮಾರ್ ಹೇಳಿದ, ಬರೀ ತಪ್ಪು ಒಪ್ಪಿಕೊಂಡರೆ ಹುದಿಕೇರಿಯ ಹೊಸ ತೋಟದವರು ಪೆಟ್ಟಿಗೆ ಕಿತ್ತು ಎಸೆಯುತ್ತಾರೆ, ರಿಪೇರಿ ಮಾಡಿ ಎರಡನ್ನೂ ಒಟ್ಟಿಗೆ ಹೇಳೋಣ ಅಂತ. ಅವನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ, ನನಗೂ ಅದೇ ಬೇಕಾಗಿತ್ತು. ಬರಿಗೈಯಲ್ಲಿ ನಿನ್ನ ಮುಂದೆ ನಿಲ್ಲಲು ಹೆದರಿದೆ. ಎರಡು ಜಾತಿಯೂ ಒಂದೇ ರೀತಿ ಎಣಿಸಬಲ್ಲ ಒಂದು ಎಣಿಕೆಯನ್ನು ಮಾತ್ರ ಇಟ್ಟುಕೊಂಡು, ಉಳಿದವನ್ನೆಲ್ಲ ಬಿಟ್ಟು, ಕೋಣೆ ಎಲ್ಲಿ ಕೂತರೂ ಎರಡೂ ಕಡೆಯದನ್ನು ಕೂಡಿಸುವ ಹಾಗೆ ಬರೆಯಲು ಇಷ್ಟು ದಿನ ಹಿಡಿಯಿತು. ಈಗ ಬ್ಯಾಟರಿ ಇಳಿಸಿ ನೋಡಿದ್ದೇನೆ. ಎಣಿಕೆ ನಿಲ್ಲುವುದಿಲ್ಲ.

ಹೊಸ ಪೆಟ್ಟಿಗೆ ಇದರ ಜೊತೆ ಬರುತ್ತಿದೆ. ಅವ್ವನ ಚಿತ್ರವನ್ನೂ ಇಟ್ಟಿದ್ದೇನೆ. ರೈಟರಿಗೂ ಮ್ಯಾನೇಜರಿಗೂ ಹಿಂದೆ ಕೊಟ್ಟ ವರದಿ ಸುಳ್ಳೆಂದು ಬೇರೆಯಾಗಿ ಬರೆದಿದ್ದೇನೆ. ಈ ಪತ್ರವನ್ನು ಅಪ್ಪನಿಗೆ ಓದಿ ಹೇಳು. ಒಂದಕ್ಷರವನ್ನೂ ಬಿಡಬೇಡ. ಅವರು ಹೂಂ ಅಂದರೆ ನಾನೇ ಬಂದು ಅವರ ಕಾಲು ಹಿಡಿಯುತ್ತೇನೆ.

ಅನುಪಮಾ


ನೆಲ್ಯಹುದಿಕೇರಿ
23 ಸೆಪ್ಟೆಂಬರ್ 2025

ಅನುಪಮಾ ಅವರಿಗೆ,

ಪೆಟ್ಟಿಗೆ ಬಂತು. ಚಿತ್ರ ಬಂತು. ಪತ್ರ ಓದಿದೆ.

ಅಪ್ಪ ಆಗಸ್ಟ್ ಮೂವತ್ತಕ್ಕೆ ತೀರಿಕೊಂಡ. ನೆನೆದು ನೆನೆದು ಎದೆಗೆ ಕಫ ಇಳಿದಿತ್ತು. ಎರಡು ದಿನ ಡಬ್ಬದ ಸದ್ದು ಕೇಳಲಿಲ್ಲ ಅಂತ ಗ್ಯಾಂಗಿನ ಹೆಂಗಸರು ಹೋಗಿ ನೋಡಿದ್ದಾರೆ. ಜೀಪು ಬರುವಷ್ಟರಲ್ಲಿ ಮುಗಿದಿತ್ತು. ನಾನು ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದೆ. ಅಪ್ಪನ ವಿಷಯ ಇನ್ನು ಕೇಳಬೇಡಿ ಎಂದು ಬರೆದದ್ದು ಅದಕ್ಕೆ. ಸತ್ತ ಅಂತ ಬರೆಯಲು ನನ್ನ ಕೈ ಆಡಲಿಲ್ಲ. ಬಾಗಿಲು ಹಾಕಿದವಳು ನಾನೇ ಅಲ್ಲವೇ.

ನಿಮ್ಮ ಹನ್ನೆರಡು, ಹತ್ತೊಂಬತ್ತು ಎಲ್ಲ ಓದಿದೆ. ನೀವು ಹತ್ತೊಂಬತ್ತಕ್ಕೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ರಿಪೇರಿ ನನಗೆ ಬೇಕಿರಲಿಲ್ಲ. ಪ್ರೊಸೆಸರು ದೊಡ್ಡದೋ ಚಿಕ್ಕದೋ ಅಪ್ಪನಿಗೂ ಬೇಕಿರಲಿಲ್ಲ. ಬಾಗಿಲು ತೆಗೆಯಲು ಒಂದು ಸಾಲು ಬೇಕಿತ್ತು. ನಿಮ್ಮನ್ನು ಬೈಯಬೇಕೆಂದು ಕೂತೆ. ಬೈದ ಮಾತೆಲ್ಲ ತಿರುಗಿ ನನಗೇ ಬಂತು.

ಅಪ್ಪ ಏನು ಹೇಳಿದ ಎಂದು ಕೇಳಿದ್ದಿರಿ. ನಾನು ಬರೆಯಲಿಲ್ಲ. ಆಗಸ್ಟ್ ಆರಕ್ಕೇ ಬರೆದಿದ್ದರೆ ನಿಮಗೆ ಏನಾದರೂ ಹೊಳೆಯುತ್ತಿತ್ತೋ ಏನೋ. ಈಗ ಬರೆಯುತ್ತೇನೆ. ಹನ್ನೊಂದರ ದಿನ ಎಲ್ಲರೂ ಹೋದ ಮೇಲೆ ಬಾಗಿಲಿಗೆ ಬಂದು ಹೇಳಿದ್ದು ಇದು.

"ಕೂಗ್ತು ಕಣವ್ವ. ನಾನು ಆಚೆ ದಡದಲ್ಲಿದ್ದೆ. ಕೂಗಿದ್ದು ಕೇಳಿ ಓಡ್ಬಂದೆ. ನಿಮ್ಮವ್ವಂಗೂ ಕೇಳಿಸ್ತು. ಅವಳು ನಿಂತ್ಕಂಡು ಪೆಟ್ಟಿಗೆ ಕಡೆ ಕೈ ಬೀಸುದ್ಲು. ಸುಮ್ಕಿರು ಮಾರಾಯ, ನಾನೇ ಬತ್ತಿರದು ಅಂತ ದಿನಾ ಅಂತಾಳಲ್ಲ, ಅಂಗೇ. ನಕ್ಕಂಡು ಮುಂದಕ್ ಹೋದ್ಲು. ಆನೆ ಅವಳ ಬೆನ್ನಿಂದೆ ಬಿದಿರಲ್ಲಿತ್ತು. ನಾನು ಕಿರುಚ್ದೆ, ತೋಡು ತುಂಬಿತ್ತು, ಕೇಳ್ನಿಲ್ಲ."

ನಾನು ಏನಂದೆ ಗೊತ್ತೇ? "ಅವ್ವನ ತಮಾಷೆಯನ್ನೇ ಕದ್ದು ಸುಳ್ಳು ಹೇಳ್ತೀಯಾ, ಮಿಷನು ಮಲಗಿತ್ತು ಅಂತ ಬರೆದು ಕಳಿಸಿದ್ದಾರೆ" ಅಂದೆ. ನಿಮ್ಮ ಪತ್ರ ತಂದು ಅವನ ಮುಖದ ಮುಂದೆ ಹಿಡಿದೆ. ಅವನಿಗೆ ಓದಲು ಬರುವುದಿಲ್ಲ. ಆದರೂ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿ ವಾಪಸು ಕೊಟ್ಟ. "ಮಿಷನೇ ಅಂದ್ಮೇಲೆ..." ಅಂದ. ಆಮೇಲೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಅವನ ಪೆಟ್ಟಿಗೆಯೇ ಅವನನ್ನು ಸುಳ್ಳ ಅಂದಿತ್ತಲ್ಲ.

ನೀವು ಕಳಿಸಿದ ಚಿತ್ರದಲ್ಲಿ ಅವ್ವ ಕೈ ಬೀಸಿದ್ದಾಳೆ. ಅಪ್ಪ ಹೇಳಿದ ಹಾಗೆಯೇ. ನಿನ್ನೆಯಿಂದ ಅದನ್ನೇ ನೋಡುತ್ತಿದ್ದೇನೆ.

ಪತ್ರವನ್ನು ಅಪ್ಪನಿಗೆ ಓದಿ ಹೇಳು ಅಂದಿರಿ. ಲೈನಿನ ಅಂಗಳದಲ್ಲಿ ಎಲ್ಲರನ್ನೂ ಕರೆದು ಓದಿದೆ. ಒಂದಕ್ಷರವನ್ನೂ ಬಿಡಲಿಲ್ಲ. ಬೆಳ್ಳಿಯಪ್ಪನವರು ತಲೆ ಮೇಲೆತ್ತಲಿಲ್ಲ. ಅವ್ವನ ತವರಿನವರು ಅಪ್ಪನ ಹೆಸರಿನಲ್ಲಿ ಈಗ ಎಡೆ ಇಡೋಣ ಅಂದರು. ಇಡಿ ಅಂದೆ. ನಾನು ಎದ್ದು ಪಂಪ್ ಶೆಡ್ಡಿಗೆ ಹೋಗಿ ಅವನ ಚಾಪೆ ಕಂಬಳಿ ಮನೆಗೆ ತಂದೆ.

ನೀವು ಬರುವುದು ಬೇಡ. ಕಾಲು ಹಿಡಿಯಲು ಇಲ್ಲಿ ಯಾರೂ ಇಲ್ಲ.

ಹೊಸ ಪೆಟ್ಟಿಗೆಯನ್ನು ನಿನ್ನೆಯೇ ಕಂಬಕ್ಕೆ ಏರಿಸಿದೆವು. ಅದರ ಜೊತೆ ಬಂದ ಸ್ವಿಚ್ಚು ಹಾಕಿಸಲಿಲ್ಲ, ಅದನ್ನು ವಾಪಸು ಕಳಿಸಿದ್ದೇನೆ. ಕೊಪ್ಪೆ ಕಂಡು ಕೂಗಿದರೂ ಕೂಗಲಿ. ಆದರೆ ಕೂಗಿದಾಗ ಅದು ಯಾರನ್ನು ಕಂಡು ಕೂಗಿತೆಂದು ನೋಡಲು ಒಬ್ಬರು ಅಲ್ಲೇ ಇರಬೇಕು. ಆ ಕೆಲಸ ನನಗೆ ಕೊಡಿ ಎಂದು ರೈಟರನ್ನು ಕೇಳಿದೆ, ಕೊಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಹೋಗಿ ನಿಂತೆ. ಕಣದ ಕಡೆ ನಡೆಯುತ್ತಿದ್ದ ಹೆಂಗಸರನ್ನು ಕಂಡು ಅದು ಬೊಬ್ಬೆ ಹೊಡೆಯಿತು. ಅವರಲ್ಲಿ ಒಬ್ಬಳು ಅಭ್ಯಾಸಬಲದಿಂದ ಕೈ ಬೀಸಿದಳು.

ನಾನು ಅಪ್ಪನ ಡಬ್ಬ ಬಡಿದೆ. ಅವರು ಎಲ್ಲರೂ ನಿಂತು ಹಿಂದೆ ತಿರುಗಿ ನೋಡುವವರೆಗೆ ಬಡಿದೆ.

ತುಳಸಿ